ತೊಗರಿಯ ಐದು ಅಚ್ಚು, ಬೇರೆ ಬೇರೆ ಹಬ್ಬದ ಕಾರ್ಡು

ಕೈಯಿಂದ ಕಾರ್ಡು ಮಾಡುವ ಹವ್ಯಾಸ ಹತ್ತಿದವರ ದುಡ್ಡೆಲ್ಲ ಸ್ಟ್ಯಾಂಪ್, ಅಂದರೆ ಮಸಿ ಹಚ್ಚಿ ಒತ್ತುವ ಚಿತ್ರದ ಅಚ್ಚು, ಕೊಳ್ಳುವುದಕ್ಕೇ ಹೋಗುತ್ತದೆ. ಯುಗಾದಿಗೊಂದು ಸೆಟ್ಟು, ಈದ್‌ಗೊಂದು, ಮದುವೆಗೊಂದು. ಖರೆ ಹೇಳಬೇಕೆಂದರೆ ಕಾರ್ಡು ಕೈಗೆ ಬಂದಾಗ ಕಣ್ಣು ಮೊದಲು ಹಿಡಿಯುವುದು ಹಾಳೆಯ ಬಣ್ಣವನ್ನು, ಖಾಲಿ ಬಿಟ್ಟ ಜಾಗವನ್ನು, ಮಸಿಯ ಗಾಢತೆಯನ್ನು. ಅಚ್ಚಿನ ಚಿತ್ರ ಯಾವುದು ಎಂಬುದು ಆಮೇಲೆ. ಈ ಮೂರನ್ನು ಬದಲಿಸುತ್ತ ಹೋದರೆ ಒಂದೇ ಸೆಟ್ಟು ವರ್ಷವಿಡೀ ಸಾಕಾಗುತ್ತದೆ.

ಸೆಟ್ಟನ್ನು ನೀವೇ ಮಾಡಿಸಿ

ಆನ್‌ಲೈನಿನಲ್ಲಿ ಸಿಗುವ ಸೆಟ್ಟುಗಳಲ್ಲಿ ಗುಲಾಬಿ, ಟ್ಯೂಲಿಪ್, ಇಂಗ್ಲಿಷ್ ಸಾಲುಗಳೇ ಜಾಸ್ತಿ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕಚೇರಿಗಳಿಗೆ ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವ ಅಂಗಡಿಗಳಿವೆ. ಅಲ್ಲಿ ಪಾಲಿಮರ್ ಸ್ಟ್ಯಾಂಪ್ ಮಾಡುತ್ತಿದ್ದರೆ ನಿಮ್ಮ ಚಿತ್ರದ ಅಚ್ಚೂ ಆಗುತ್ತದೆ. ಚಿತ್ರದ ನೆಗೆಟಿವ್ ತೆಗೆದು, ಅದರ ಮೇಲೆ ದ್ರವ ಪಾಲಿಮರ್ ಹರಡಿ, ನೇರಳಾತೀತ ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ, ಉಳಿದದ್ದು ತೊಳೆದುಹೋಗುತ್ತದೆ.

ಚಿತ್ರ ಯಾವುದಿರಲಿ? ನಮ್ಮ ಆಯ್ಕೆ ತೊಗರಿ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಕಲಬುರಗಿಯ ಬೆಳೆ ಎಂಬ ಅಭಿಮಾನ ಒಂದು ಕಡೆಗಿರಲಿ, ಅಚ್ಚಿಗೆ ಅದರ ಆಕಾರಗಳೇ ಛಲೋ. ಒಂದೇ ತೊಟ್ಟಿಗೆ ಮೂರು ಉದ್ದನೆಯ ಎಲೆ, ಚಿಟ್ಟೆಯಂತೆ ಬಿಚ್ಚಿದ ಹೂವು, ಕಾಳು ಉಬ್ಬಿದ ಕಾಯಿ. ಅಗಲದ್ದೊಂದು, ಗುಂಡಗಿನದೊಂದು, ಉದ್ದದ್ದೊಂದು ಹೀಗೆ ಮೂರು ಬಗೆಯ ಆಕಾರ ಒಂದೇ ಗಿಡದಲ್ಲಿ ಸಿಗುತ್ತವೆ. ಯಾವ ಸೆಟ್ಟು ಆರಿಸಿದರೂ ಈ ಬೆರಕೆ ಇರಲೇಬೇಕು. ಐದು ಗುಂಡನೆಯ ಹೂಗಳ ಸೆಟ್ಟಿನಿಂದ ಎರಡು ಕಾರ್ಡು ದಾಟುವುದು ಕಷ್ಟ.

ಅಳತೆ ಹೀಗಿರಲಿ: ಮೂರೆಲೆಯ ಕುಡಿ 35 ಮಿ.ಮೀ. ಉದ್ದ, 20 ಅಗಲ. ಹೂವು 20 ಮಿ.ಮೀ. ಕಾಯಿ 38 ಮಿ.ಮೀ. ಉದ್ದ, 8 ಅಗಲ. ಕಾಳಿನಂಥ ಒಂದು ಚುಕ್ಕಿ 4 ಮಿ.ಮೀ. ಐದನೆಯದು ಒಂದು ಸಾಲು ಅಕ್ಷರ, 50 ಮಿ.ಮೀ. ಉದ್ದ. ಎಲ್ಲವೂ 10×7 ಸೆಂ.ಮೀ. ಪಟ್ಟಿಯಲ್ಲಿ ಹಿಡಿಯುತ್ತವೆ, ಒಂದೇ ಸ್ಟ್ಯಾಂಪಿನ ಹಾಗೆ ಮಾಡಿಸಬಹುದು.

ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಬರೆದುಕೊಡಿ. ಗೆರೆ 0.4 ಮಿ.ಮೀ.ಗಿಂತ ಸಣ್ಣದಿದ್ದರೆ ತೊಳೆಯುವಾಗ ಕಿತ್ತುಹೋಗುತ್ತದೆ. ಎರಡು ಗೆರೆಗಳ ನಡುವೆ ಅರ್ಧ ಮಿಲಿಮೀಟರಾದರೂ ಜಾಗ ಇಲ್ಲದಿದ್ದರೆ ಸಂದಿಯಲ್ಲಿ ಪಾಲಿಮರ್ ಉಳಿದು ಮಸಿ ತುಂಬುತ್ತದೆ. ಪೆನ್ಸಿಲ್ ನೆರಳು, ಬೂದು ಬಣ್ಣ ಬೇಡ. ಅಚ್ಚಿಗೆ ಗೊತ್ತಿರುವುದು ಕಪ್ಪು ಮತ್ತು ಬಿಳಿ ಮಾತ್ರ. ಚಿತ್ರವನ್ನು ನೀವು ತಿರುಗಿಸಿ ಬರೆಯಬೇಡಿ, ಅಂಗಡಿಯವರು ತಿರುಗಿಸಿಕೊಳ್ಳುತ್ತಾರೆ.

ಕನ್ನಡ ಸಾಲಿನ ವಿಷಯದಲ್ಲಿ ಎಚ್ಚರ ಬೇಕು. ಕಚೇರಿ ಸೀಲಿನ ಅಳತೆಯಲ್ಲಿ ಮಾಡಿಸಿದರೆ ಒತ್ತಕ್ಷರಗಳ ಹೊಟ್ಟೆ ಮಸಿಯಿಂದ ಮುಚ್ಚಿಹೋಗುತ್ತದೆ. ಮುಖ್ಯ ಅಕ್ಷರದ ಎತ್ತರ 4 ಮಿ.ಮೀ.ಗೆ ಕಡಿಮೆ ಇರಬಾರದು, ಬೋಲ್ಡ್ ಅಕ್ಷರ ಬೇಡವೇ ಬೇಡ. ಇನ್ನು ಯಾವ ಸಾಲು? ‘ಹುಟ್ಟುಹಬ್ಬದ ಶುಭಾಶಯಗಳು’ ಎಂದು ಮಾಡಿಸಿದರೆ ಅದು ಹುಟ್ಟುಹಬ್ಬಕ್ಕೆ ಮಾತ್ರ. ‘ಶುಭಾಶಯಗಳು’ ಎಂದಷ್ಟೇ ಇದ್ದರೆ ಎಲ್ಲಕ್ಕೂ ನಡೆಯುತ್ತದೆ, ಹಬ್ಬದ ಹೆಸರನ್ನು ಅದರ ಮೇಲೆ ಕೈಯಲ್ಲಿ ಬರೆದರಾಯಿತು. ಸ್ಟ್ಯಾಂಪ್ ಪಟ್ಟಿಯಲ್ಲಿ ಜಾಗ ಉಳಿದರೆ ‘ಪ್ರೀತಿಯಿಂದ’ ಎಂಬುದನ್ನೂ ಸೇರಿಸಿ.

ಅಂಗಡಿಯಲ್ಲಿ ಎರಡು ಮಾತು ಮೊದಲೇ ಹೇಳಿಬಿಡಿ. ಒಂದು, ಮಸಿ ಒಳಗೇ ತುಂಬಿರುವ ಸ್ಟ್ಯಾಂಪ್ ಬೇಡ. ಅದರಲ್ಲಿ ಬಣ್ಣ ಬದಲಿಸಲು ಬರುವುದಿಲ್ಲ. ಎರಡು, ಹಿಡಿಕೆಗೆ ಅಂಟಿಸಬೇಡಿ, ಪಾಲಿಮರ್ ಹಾಳೆ ಮಾತ್ರ ಕೊಡಿ. ಮನೆಗೆ ತಂದು ಕತ್ತರಿಯಿಂದ ಒಂದೊಂದೇ ಚಿತ್ರವನ್ನು ಸುತ್ತ 1–2 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ. ಅಂಚು ಹೆಚ್ಚಾದರೆ ಆ ಖಾಲಿ ತಳವೂ ಮಸಿ ಮೆತ್ತಿಕೊಂಡು ಚಿತ್ರದ ಸುತ್ತ ಕೊಳಕು ಗೆರೆ ಬೀಳುತ್ತದೆ.

ಹಿಡಿಕೆಗೆ ದಪ್ಪ ಆಕ್ರಿಲಿಕ್ ತುಂಡು ಬೇಕು. ನಾಮಫಲಕ ಮಾಡುವವರ ಬಳಿ 5–8 ಮಿ.ಮೀ. ದಪ್ಪದ ಚೂರುಗಳು ಬಿದ್ದಿರುತ್ತವೆ. 6×6 ಸೆಂ.ಮೀ. ಚೌಕವೊಂದನ್ನು ಮೂಲೆ ನೇರವಾಗಿರುವಂತೆ ಕತ್ತರಿಸಿಕೊಳ್ಳಿ. ಅಚ್ಚಿನ ಬೆನ್ನು ತಾನಾಗಿ ಅಂಟದಿದ್ದರೆ ಡಬಲ್ ಸೈಡ್ ಟೇಪ್ ಹಚ್ಚಿ. ಪಾರದರ್ಶಕ ಹಿಡಿಕೆ ಇಲ್ಲದಿದ್ದರೆ ಅಚ್ಚು ಎಲ್ಲಿ ಬೀಳುತ್ತದೆ ಎಂದು ಕಾಣುವುದಿಲ್ಲ, ಆದ್ದರಿಂದ ಕಟ್ಟಿಗೆ ತುಂಡಿನಿಂದ ಕೆಲಸ ಸಾಗಿಸಲು ಹೋಗಬೇಡಿ.

ಹಾಳೆ, ಲಕೋಟೆ

ಮೊದಲು ಲಕೋಟೆ ಕೊಳ್ಳಿ, ಆಮೇಲೆ ಕಾರ್ಡು ಕತ್ತರಿಸಿ. ತಿರುವುಮುರುವಾದರೆ ಕಾರ್ಡಿಗೆ ತಕ್ಕ ಲಕೋಟೆ ಹುಡುಕಿ ಅಂಗಡಿ ಅಂಗಡಿ ತಿರುಗಬೇಕಾಗುತ್ತದೆ. 114×162 ಮಿ.ಮೀ. ಲಕೋಟೆ ಸಿಕ್ಕರೆ ಲೆಕ್ಕ ಸುಲಭ. ಎ4 ಹಾಳೆಯನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ, ಪ್ರತಿ ಅರ್ಧವನ್ನು ಮಡಚಿದರೆ 105×148 ಮಿ.ಮೀ. ಕಾರ್ಡು. ಒಂದು ಎ4ಗೆ ಎರಡು ಕಾರ್ಡು.

ಕಾರ್ಡಿಗೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಹಾಳೆ. ಸ್ಟೇಷನರಿ ಅಂಗಡಿಯಲ್ಲಿ ‘ಐವರಿ ಶೀಟ್’ ಎಂದು ಕೇಳಿ. ಹೊಳೆಯುವ ಆರ್ಟ್ ಕಾರ್ಡ್ ಕೊಟ್ಟರೆ ವಾಪಸು ಕೊಡಿ. ಅದರ ಮೇಲ್ಪದರ ಮಸಿಯನ್ನು ಹೀರುವುದಿಲ್ಲ, ಬೆರಳು ತಾಗಿದರೆ ಸಾಕು ಎಳೆದುಕೊಂಡು ಬರುತ್ತದೆ. ಒರಟು ಕೈಕಾಗದವೂ ಅಚ್ಚಿಗೆ ಆಗದು, ತಗ್ಗುಗಳಲ್ಲಿ ಮಸಿ ಇಳಿಯದೆ ಚಿತ್ರ ಚುಕ್ಕೆ ಚುಕ್ಕೆಯಾಗುತ್ತದೆ.

ಅಚ್ಚು ಒತ್ತುವುದು ಕಾರ್ಡಿನ ಮೇಲಲ್ಲ, ಬೇರೆ ತುಂಡಿನ ಮೇಲೆ. 180–200 ಜಿಎಸ್‌ಎಂ ನಯವಾದ ಹಾಳೆಯನ್ನು 95×138 ಮಿ.ಮೀ. ಕತ್ತರಿಸಿ ಅದರ ಮೇಲೆ ಒತ್ತಿ, ಚೆನ್ನಾಗಿ ಬಂದದ್ದನ್ನು ಮಾತ್ರ ಕಾರ್ಡಿಗೆ ಅಂಟಿಸಿ. ಸುತ್ತಲೂ 5 ಮಿ.ಮೀ. ಅಂಚು ಉಳಿಯುತ್ತದೆ. ಕೆಟ್ಟರೆ ಹೋಗುವುದು ಸಣ್ಣ ತುಂಡು ಮಾತ್ರ. ಒಂದು ಎ4ನಲ್ಲಿ ಇಂಥ ನಾಲ್ಕು ತುಂಡು ಬರುತ್ತವೆ. ಇಪ್ಪತ್ತು ಕಾರ್ಡಿಗೆ ದಪ್ಪ ಹಾಳೆ ಹತ್ತು, ತೆಳು ಹಾಳೆ ಐದು, ಕೆಡುವುದಕ್ಕೆಂದು ಇನ್ನೆರಡು ಸೇರಿಸಿಕೊಳ್ಳಿ. ಬಣ್ಣದ ಹಾಳೆಯನ್ನು ದುಡ್ಡು ಕೊಟ್ಟು ಕೊಳ್ಳುವ ಮೊದಲು ಲಗ್ನಪತ್ರಿಕೆ ಛಾಪಿಸುವ ಅಂಗಡಿಯಲ್ಲಿ ಕತ್ತರಿಸಿ ಉಳಿದ ಪಟ್ಟಿಗಳನ್ನು ಕೇಳಿ ನೋಡಿ. ಅಗಲ ಕಡಿಮೆ ಇದ್ದರೂ ಅಂಚುಪಟ್ಟಿಗೆ ಹೇಳಿ ಮಾಡಿಸಿದಂತಿರುತ್ತವೆ.

ಮಡಚುವ ಮೊದಲು ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಗೀರಿ. ಗೀರಿದ ತಗ್ಗು ಹೊರಗೆ ಬರುವಂತೆ ಮಡಚಬೇಕು, ಒಳಗಲ್ಲ. ಮಡಿಕೆಯಲ್ಲಿ ಹಾಳೆ ಬಿರಿದು ಬಿಳಿ ನಾರು ಕಂಡರೆ ನೀವು ಹಾಳೆಯ ನಾರಿಗೆ ಅಡ್ಡವಾಗಿ ಮಡಚಿದ್ದೀರಿ ಎಂದರ್ಥ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ.

ಮಸಿ ಮತ್ತು ನಮ್ಮ ಬಿಸಿಲು

ಎರಡು ಬಗೆಯ ಪ್ಯಾಡ್ ಸಾಕು. ಒಂದು ಡೈ ಇಂಕ್. ತೆಳು, ಬೇಗ ಒಣಗುತ್ತದೆ, ಸಣ್ಣ ಗೆರೆಗಳಿಗೆ ಛಲೋ, ಆದರೆ ನೀರು ತಾಗಿದರೆ ಹರಡುತ್ತದೆ ಮತ್ತು ಕಪ್ಪು ಹಾಳೆಯ ಮೇಲೆ ಕಾಣುವುದೇ ಇಲ್ಲ. ಇನ್ನೊಂದು ಪಿಗ್ಮೆಂಟ್ ಇಂಕ್. ದಪ್ಪ, ನಿಧಾನ, ಬಣ್ಣದ ಹಾಳೆಯ ಮೇಲೆಯೂ ಎದ್ದು ಕಾಣುತ್ತದೆ. ಹಸಿರು ಡೈ, ಕಂದು ಡೈ, ಬೆಳ್ಳಿ ಇಲ್ಲವೇ ಬಂಗಾರದ ಪಿಗ್ಮೆಂಟ್ ಇಷ್ಟರಿಂದ ಶುರುಮಾಡಿ. ಕಚೇರಿಯ ನೇರಳೆ ಪ್ಯಾಡ್ ಅಭ್ಯಾಸಕ್ಕೆ ಸಾಕು, ಕಾರ್ಡಿಗೆ ಬೇಡ. ಬಣ್ಣ ಎಷ್ಟೇ ಚಂದ ಇದ್ದರೂ ನೋಡಿದವರಿಗೆ ತಹಸೀಲ್ದಾರ ಕಚೇರಿಯೇ ನೆನಪಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವಾಗ ಡೈ ಇಂಕು ಅಚ್ಚಿನಿಂದ ಹಾಳೆಗೆ ಬರುವಷ್ಟರಲ್ಲೇ ಒಣಗಿರುತ್ತದೆ. ಚಿತ್ರ ಮಾಸಲು ಬಂದರೆ ಹೆಚ್ಚು ಒತ್ತಬೇಡಿ. ಫ್ಯಾನ್ ಆರಿಸಿ, ಮಸಿ ಹಚ್ಚಿದ ಅಚ್ಚಿನ ಮೇಲೆ ಬಾಯಿ ತೆರೆದು ‘ಹಾ’ ಎಂದು ಉಸಿರು ಬಿಟ್ಟು ತಕ್ಷಣ ಒತ್ತಿ. ಆ ತೇವವೇ ಮಸಿಯನ್ನು ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಈ ಕೆಲಸಕ್ಕೆ ಒಳ್ಳೆಯದು.

ಒತ್ತುವ ಕ್ರಮ

ಹೊಸ ಅಚ್ಚಿನ ಮೇಲೆ ಮಸಿ ಹನಿ ಹನಿಯಾಗಿ ನಿಲ್ಲುತ್ತದೆ. ತಯಾರಿಕೆಯ ಜಿಡ್ಡು ಅದಕ್ಕೆ ಕಾರಣ. ಬಿಳಿ ರಬ್ಬರಿನಿಂದ ಮೇಲ್ಮೈಯನ್ನು ಮೆಲ್ಲಗೆ ಉಜ್ಜಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

ಹಾಳೆಯ ಕೆಳಗೆ ನಾಲ್ಕೈದು ಪದರ ಪೇಪರ್ ಅಥವಾ ಹಳೆಯ ಮೌಸ್‌ಪ್ಯಾಡ್ ಇಡಿ. ಪ್ಯಾಡನ್ನು ಕೈಯಲ್ಲಿ ಹಿಡಿದು ಅಚ್ಚಿನ ಮೇಲೆ ಮೆಲ್ಲಗೆ ತಟ್ಟುತ್ತ ಮಸಿ ಹಚ್ಚಿ. ಅಚ್ಚನ್ನು ಪ್ಯಾಡಿನೊಳಕ್ಕೆ ಅದುಮಿದರೆ ಬದಿಗಳಿಗೂ ಮೆತ್ತುತ್ತದೆ. ನೇರ ಇಳಿಸಿ, ಬೆರಳುಗಳಿಂದ ಹಿಡಿಕೆಯ ನಾಲ್ಕೂ ಮೂಲೆ ಮತ್ತು ನಡುವನ್ನು ಒತ್ತಿ, ಎರಡು ಎಣಿಸಿ, ನೇರ ಎತ್ತಿ. ಕಚೇರಿಯಲ್ಲಿ ಸೀಲು ಹೊಡೆಯುವವರ ಹಾಗೆ ಹಿಂದೆ ಮುಂದೆ ಅಲ್ಲಾಡಿಸಿದರೆ ಎರಡೆರಡು ಅಂಚು ಬೀಳುವುದು ಖಂಡಿತ.

ನಿಖರ ಜಾಗಕ್ಕೆ ಒತ್ತಲು ಒಂದು ಉಪಾಯವಿದೆ. ಆಕ್ರಿಲಿಕ್‌ನಷ್ಟೇ ದಪ್ಪದ ಎರಡು ಪಟ್ಟಿಗಳನ್ನು ಕಾಟಕೋನದಲ್ಲಿ (90 ಡಿಗ್ರಿಗೆ) ಅಂಟಿಸಿ ಮೂಲೆಮಟ್ಟ ಮಾಡಿಕೊಳ್ಳಿ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಒಳಮೂಲೆಗೆ ತಾಗಿಸಿಟ್ಟು, ಹಿಡಿಕೆಯನ್ನೂ ಅದೇ ಮೂಲೆಗೆ ತಾಗಿಸಿ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಒತ್ತಿ. ಈಗ ಆ ಪ್ಲಾಸ್ಟಿಕ್ಕನ್ನು ಕಾರ್ಡಿನ ಮೇಲೆ ಸರಿಸುತ್ತ ಚಿತ್ರ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಮೂಲೆಮಟ್ಟವನ್ನು ಅದಕ್ಕೆ ತಾಗಿಸಿ, ಪ್ಲಾಸ್ಟಿಕ್ ತೆಗೆದು, ಹಿಡಿಕೆಯನ್ನು ಮೂಲೆಗೆ ಕೂಡಿಸಿ ಒತ್ತಿ. ಸೂಜಿಮೊನೆಯಷ್ಟೂ ಆಚೀಚೆ ಆಗುವುದಿಲ್ಲ. ಕೆಳಗಿನ ವೃತ್ತದ ನಮೂನೆಗಳಿಗೆ ಇದು ಬೇಕೇ ಬೇಕು.

ಎಳ್ಳಮಾವಾಸ್ಯೆಯ ಹೊಲ

ಒಂದೇ ಪ್ಯಾಡಿನಿಂದ ಮೂರು ಬಣ್ಣ ತೆಗೆಯುವುದನ್ನು ಇದರಲ್ಲಿ ಕಲಿಯಬಹುದು. ಒಮ್ಮೆ ಮಸಿ ಹಚ್ಚಿ ಒತ್ತಿದ ಮೇಲೆ ಮತ್ತೆ ಹಚ್ಚದೆ ಎರಡನೇ ಸಲ, ಮೂರನೇ ಸಲ ಒತ್ತಿದರೆ ಬಣ್ಣ ತಿಳಿಯಾಗುತ್ತ ಹೋಗುತ್ತದೆ.

ತುಂಡನ್ನು ಅಡ್ಡ ಇಡಿ. ಕೆಳಗಿನ ಅಂಚಿನಲ್ಲಿ ಮೂರೆಲೆಯ ಕುಡಿಯನ್ನು ಗಾಢ ಹಸಿರಿನಲ್ಲಿ ಒಂದು ಸಾಲು ಒತ್ತಿ, ಬುಡ ಹಾಳೆಯಿಂದ ಹೊರಗೆ ಹೋಗಲಿ. ಅದಕ್ಕಿಂತ 12 ಮಿ.ಮೀ. ಮೇಲೆ, ಎರಡು ಕುಡಿಗಳ ನಡುವಿನ ಸಂದಿಗೆ ಬರುವಂತೆ, ಎರಡನೇ ಒತ್ತಿನ ಸಾಲು. ಅದರ ಮೇಲೆ ಮೂರನೇ ಒತ್ತಿನದು. ಡೈ ಇಂಕು ಪಾರದರ್ಶಕ. ಹಾಗಾಗಿ ಗಾಢ ಎಲೆಯ ಮೇಲೆ ತಿಳಿ ಎಲೆ ಬಿದ್ದರೂ ಕಾಣುವುದಿಲ್ಲ, ಹಿಂದೆ ಅಡಗಿದಂತೆಯೇ ತೋರುತ್ತದೆ. ಕ್ರಮ ತಪ್ಪಿ ತಿಳಿ ಬಣ್ಣದ ಸಾಲನ್ನು ಮೊದಲು ಒತ್ತಿದರೂ ಪರವಾಗಿಲ್ಲ, ಆದರೆ ಮುಂದಿನ ಸಾಲು ಗಾಢವಾಗಿರಲೇಬೇಕು. ಮುಂದಿನ ಸಾಲಿಗೆ ನಾಲ್ಕಾರು ಹಳದಿ ಹೂ. ಆಕಾಶ ಪೂರ್ತಿ ಖಾಲಿ ಬಿಡಿ. ಚರಗ ಚೆಲ್ಲುವ (ಹೊಲದಲ್ಲಿ ಅಡುಗೆಯ ಎಡೆ ಎರಚುವ) ಹೊತ್ತಿಗೆ ಕಣ್ಣಿಗೆ ಬೀಳುವ ಹೊಲ ಇದೇ ತಾನೇ. ಸೂರ್ಯ, ಹಕ್ಕಿ, ಮನೆ ಎಲ್ಲ ತುಂಬಿಸುವ ಆಸೆ ತಡೆದುಕೊಂಡರೆ ಕಾರ್ಡು ಗೆದ್ದಂತೆ.

ಯುಗಾದಿಯ ತೋರಣ

ಅಚ್ಚಿನ ಒಂದು ಭಾಗವನ್ನು ಮಾತ್ರ ಒತ್ತಲೂ ಬರುತ್ತದೆ. ಮೂರೆಲೆಗಳಲ್ಲಿ ಎರಡರ ಮೇಲೆ ಸೆಲ್ಲೋಟೇಪ್ ಅಂಟಿಸಿ, ಮಸಿ ಹಚ್ಚಿ, ಒತ್ತುವ ಮೊದಲು ಟೇಪ್ ಕಿತ್ತು ಒತ್ತಿ. ಒಂದೇ ಉದ್ದನೆಯ ಎಲೆ ಬೀಳುತ್ತದೆ, ಮೊನೆ ಕೆಳಗೆ ಮಾಡಿದರೆ ಮಾವಿನೆಲೆ. ಟೇಪ್ ಕೀಳುವುದು ಮರೆತರೆ ಅದರ ಮೇಲಿನ ಮಸಿಯೂ ಬಿದ್ದು ತುಂಡು ಹಾಳು. ಹೀಗೆ ಏಳು ಎಲೆಗಳನ್ನು ಮೇಲಂಚಿನಿಂದ 15 ಮಿ.ಮೀ. ಕೆಳಗೆ ಸಾಲಾಗಿ ಒತ್ತಿ, ಕಂದು ಪೆನ್ನಿನಿಂದ ನಡುವೆ ಸ್ವಲ್ಪ ಜೋತ ದಾರ ಎಳೆಯಿರಿ. ಎಲೆಗಳನ್ನೂ ದಾರದ ಬಾಗಿಗೆ ತಕ್ಕಂತೆ ಇಳಿಸಬೇಕು, ನೇರ ಸಾಲಾದರೆ ಬಾಚಣಿಕೆಯಂತೆ ಕಾಣುತ್ತದೆ.

ಎರಡು ಬಣ್ಣದ ಎಲೆ ಬೇಕಾದರೆ ಮಕ್ಕಳ ಸ್ಕೆಚ್ ಪೆನ್ನಿನಿಂದ ನೇರ ಅಚ್ಚಿನ ಮೇಲೆಯೇ ಬಣ್ಣ ಬಳಿಯಿರಿ: ಎಲೆಗೆ ಹಸಿರು, ತೊಟ್ಟಿಗೆ ಕಂದು. ಉಸಿರು ಬಿಟ್ಟು ಒತ್ತಿ. ನೀರಿನ ಸ್ಕೆಚ್ ಪೆನ್ನೇ ಆಗಬೇಕು, ಪರ್ಮನೆಂಟ್ ಮಾರ್ಕರ್ ಅಚ್ಚಿನ ಮೇಲೆಯೇ ಒಣಗಿ ಕೂರುತ್ತದೆ.

ವೃತ್ತ ಮತ್ತು ಅಂಚು

ಕಾಯಿಯ ಅಚ್ಚೊಂದೇ ಸಾಕು, ರಂಗೋಲಿಯಂಥ ಚಕ್ರವಾಗುತ್ತದೆ. ಪೆನ್ಸಿಲಿನಲ್ಲಿ ನಡುಬಿಂದು ಗುರುತಿಸಿ. ಮೊದಲು ಗಡಿಯಾರದ 12, 6, 3, 9ರ ಜಾಗಕ್ಕೆ ನಾಲ್ಕು ಕಾಯಿ, ಬುಡ ನಡುಬಿಂದುವಿನಿಂದ 4 ಮಿ.ಮೀ. ದೂರ. ಆಮೇಲೆ ಅವುಗಳ ನಡುವೆ ನಾಲ್ಕು. ಒಂದರ ಪಕ್ಕ ಒಂದು ಒತ್ತುತ್ತ ಹೋದರೆ ತಪ್ಪು ಕೂಡುತ್ತ ಕೊನೆಯ ಕಾಯಿಗೆ ಜಾಗವೇ ಇರುವುದಿಲ್ಲ. ನಡುವಿಗೆ ಒಂದು ಚುಕ್ಕಿ. ಚಕ್ರದ ಅಗಲ 84 ಮಿ.ಮೀ. ಆಗುತ್ತದೆ, 95ರ ತುಂಡಿನಲ್ಲಿ ಸರಿಯಾಗಿ ಕೂರುತ್ತದೆ.

ಮದುವೆ, ಗೃಹಪ್ರವೇಶಕ್ಕೆ ಎಲೆಬಳೆ ಚಂದ. 60 ಮಿ.ಮೀ. ವ್ಯಾಸದ ವೃತ್ತವನ್ನು ತೆಳುವಾಗಿ ಎಳೆದು ಅದರ ಗುಂಟ ಆರು ಕುಡಿಗಳನ್ನು ಒಂದರ ಬಾಲ ಇನ್ನೊಂದರ ತಲೆಗೆ ತಾಗುವಂತೆ ಒತ್ತಿ. ವೃತ್ತದ ಸುತ್ತಳತೆ ಸುಮಾರು 188 ಮಿ.ಮೀ., ಆರು ಕುಡಿ ಸೇರಿ 210. ಆ ಹೆಚ್ಚುವರಿ ಒಂದರ ಮೇಲೊಂದು ಬರಬೇಕಾದದ್ದೇ, ಅದರಿಂದಲೇ ಸಂದಿ ಮುಚ್ಚುತ್ತದೆ. ನಡುವಿನ ಖಾಲಿಯಲ್ಲಿ ‘ಶುಭಾಶಯಗಳು’ ಸಾಲು ಬೇಕೆಂದರೆ ಮೊದಲು ಅದನ್ನು ಒತ್ತಿ, ಆಮೇಲೆ ವೃತ್ತ. 50 ಮಿ.ಮೀ. ಸಾಲು ಎಲೆಗಳ ಒಳತುದಿಗೆ ತಾಗುವುದರಿಂದ ‘ಪ್ರೀತಿಯಿಂದ’ ಇದ್ದರೆ ಅದೇ ಮೇಲು.

ಅಂಚಿಗೆ: 138 ಮಿ.ಮೀ. ಉದ್ದಕ್ಕೆ ಮೂರು ಕಾಯಿ, ಶುರುವಿಗೆ, ಕೊನೆಗೆ, ನಡುವಿನ ಎರಡೂ ಸಂದಿಗೆ 6 ಮಿ.ಮೀ. ಬಿಡಿ. ಲೆಕ್ಕ ಕೂಡುತ್ತದೆ. ಸಂದಿಗೆ ಚುಕ್ಕಿ ಹಾಕಿ.

ಹಿಂದೆ ಮುಂದೆ ಇರುವ ಹೂಗಳು

ಹೂವಿನ ಹಿಂದೆ ಎಲೆ ಇಣುಕಿದಂತೆ ಮಾಡಲು ಮುಂದಿನದನ್ನು ಮೊದಲು ಒತ್ತಬೇಕು. ಅದೇ ಹೂವನ್ನು ಅಂಟುಚೀಟಿಯ (ಸ್ಟಿಕಿ ನೋಟ್) ಮೇಲೂ, ಹಿಂಬದಿಯಲ್ಲಿ ಅಂಟು ಇರುವ ಭಾಗಕ್ಕೆ, ಒತ್ತಿ ಕತ್ತರಿಸಿ. ಗೆರೆಯ ಮೇಲೆಯೇ ಅಥವಾ ಕೂದಲೆಳೆಯಷ್ಟು ಒಳಗೆ ಕತ್ತರಿಸಿ, ಹೊರಗೆ ಬಿಟ್ಟರೆ ಹೂವಿನ ಸುತ್ತ ಬಿಳಿ ಸಂದಿ ಉಳಿದು ಬೇರೆ ಅಂಟಿಸಿದಂತೆ ಕಾಣುತ್ತದೆ. ಕತ್ತರಿಸಿದ ಆ ಚೂರೇ ಮುಸುಕು. ಅದನ್ನು ಒತ್ತಿದ ಹೂವಿನ ಮೇಲೆ ಕೂಡಿಸಿ, ಅದರ ಮೇಲೆಯೇ ಎಲೆ ಒತ್ತಿ, ಮುಸುಕು ತೆಗೆಯಿರಿ. ಒಂದು ಮುಸುಕು ಹತ್ತಾರು ಕಾರ್ಡಿಗೆ ಬಾಳುತ್ತದೆ.

ಈದ್‌ಗೆ ಚಂದ್ರ

ಚಂದ್ರನ ಅಚ್ಚು ಬೇಕಾಗಿಲ್ಲ. ತೆಳು ಹಾಳೆಯ ಮೇಲೆ 50 ಮಿ.ಮೀ. ವ್ಯಾಸದ ವೃತ್ತ ಎಳೆದು, ಅದೇ ಅಳತೆಯ ಇನ್ನೊಂದನ್ನು 14 ಮಿ.ಮೀ. ಬದಿಗೆ ಸರಿಸಿ ಎಳೆಯಿರಿ. ಉಳಿಯುವ ಬಿದಿಗೆ ಚಂದ್ರನ ಆಕಾರವನ್ನು ಕಟ್ಟರಿನಿಂದ ಬಿಡಿಸಿದರೆ ಕೈಗೆ ಎರಡು ಸಾಮಾನು ಸಿಗುತ್ತವೆ. ಕಿಂಡಿಯುಳ್ಳ ಹಾಳೆಯನ್ನು ಕಡುಹಸಿರು ತುಂಡಿನ ಮೇಲಿಟ್ಟು ಬಂಗಾರದ ಪಿಗ್ಮೆಂಟ್‌ನಿಂದ ಚುಕ್ಕಿ, ಹೂಗಳನ್ನು ಒತ್ತೊತ್ತಾಗಿ ತುಂಬಿಸಿದರೆ ಹೂವಿನ ಚಂದ್ರ. ಕತ್ತರಿಸಿ ತೆಗೆದ ಚಂದ್ರವನ್ನು ಬಿಳಿ ತುಂಡಿನ ಮೇಲಿಟ್ಟು, ಸ್ಪಂಜಿನಿಂದ ನೀಲಿ ಡೈ ಇಂಕನ್ನು ಸುತ್ತ ಉಜ್ಜಿದರೆ ಬಿಳಿ ಚಂದ್ರ. ಸ್ಪಂಜು ಉಜ್ಜುವುದನ್ನು ರದ್ದಿ ಹಾಳೆಯ ಮೇಲೆ ಶುರುಮಾಡಿ ಹಾಗೇ ಕಾರ್ಡಿನೊಳಗೆ ಬನ್ನಿ, ನೇರ ಕಾರ್ಡಿನ ಮೇಲೆ ಇಟ್ಟರೆ ಮೊದಲ ಕಲೆ ಹೋಗುವುದಿಲ್ಲ. ಉರ್ದುವಿನಲ್ಲಿ ಸಾಲು ಬೇಕಾದರೆ ಕೈಯಲ್ಲಿ ಬರೆಸಿ, ಇದೊಂದಕ್ಕೆ ಅಚ್ಚು ಮಾಡಿಸುವ ಖರ್ಚು ದಂಡ.

ಬಿದರಿ ಕಾರ್ಡು

ಅದೇ ಐದು ಅಚ್ಚು ಗುರುತೇ ಸಿಗದಂತೆ ಬದಲಾಗುವುದು ಇಲ್ಲಿ. ಬಿದರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಜಾಗಕ್ಕೆ ಬೆಳ್ಳಿ ಕೂಡಿಸಿ, ಬೀದರ್ ಕೋಟೆಯ ಮಣ್ಣು ಸೇರಿದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹಾಳೆಯಲ್ಲಿ ಅದರ ನೆರಳನ್ನಾದರೂ ತರಬೇಕಾದರೆ ಹೊಳಪಿಲ್ಲದ ಕಪ್ಪು ಹಾಳೆ ಬೇಕು, ಮತ್ತು ಬೆಳ್ಳಿ ಎಂಬಾಸಿಂಗ್ ಪುಡಿ, ಅಂದರೆ ಕಾಯಿಸಿದರೆ ಕರಗಿ ಹೊಳೆಯುವ ಪುಡಿ.

ಮೊದಲು ಕಪ್ಪು ಹಾಳೆಯ ಮೇಲೆ ಟಾಲ್ಕಮ್ ಪೌಡರಿನ ಸಣ್ಣ ಬಟ್ಟೆಗಂಟನ್ನು ತೆಳುವಾಗಿ ಆಡಿಸಿ. ಇಲ್ಲಿಯ ಒಣಹವೆಯಲ್ಲಿ ಹಾಳೆಗೆ ಸ್ಥಿರವಿದ್ಯುತ್ ಹಿಡಿದು ಪುಡಿ ಎಲ್ಲೆಂದರಲ್ಲಿ ಅಂಟುತ್ತದೆ, ಈ ಹಂತ ಬಿಟ್ಟರೆ ಬೆಳ್ಳಿಯ ಹುಡಿಹುಡಿ ಕಲೆ ಗ್ಯಾರಂಟಿ. ಪಿಗ್ಮೆಂಟ್ ಇಂಕಿನಿಂದ ಅಚ್ಚು ಒತ್ತಿ, ತಕ್ಷಣ ಪುಡಿ ಧಾರಾಳ ಸುರಿದು, ಕೆಳಗಿಟ್ಟ ಹಾಳೆಗೆ ಕೊಡವಿ. ಉಳಿದ ಪುಡಿ ಡಬ್ಬಿಗೆ ವಾಪಸು. ಅಲ್ಲಲ್ಲಿ ನಿಂತ ಕಣಗಳನ್ನು ಒಣ ಬ್ರಶ್ಶಿನಿಂದ ತೆಗೆಯಿರಿ. ಹಾಟ್ ಏರ್ ಗನ್ನನ್ನು ಮೊದಲು ಬೇರೆ ಕಡೆ ತಿರುಗಿಸಿ ಕಾಯಿಸಿಕೊಂಡು, ಆಮೇಲೆ 8–10 ಸೆಂ.ಮೀ. ದೂರದಿಂದ ಹಿಡಿಯಿರಿ. ಪುಡಿ ಕರಗಿ ಹೊಳಪು ಬಂದ ಕ್ಷಣವೇ ಮುಂದಕ್ಕೆ ಸರಿಸಿ. ಹೆಚ್ಚು ಕಾಯಿಸಿದರೆ ಬೆಳ್ಳಿ ಹಾಳೆಯೊಳಗೆ ಇಂಗಿ ಮಂಕಾಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ನಡೆಯದು: ಶಾಖ ಸಾಲದು, ಗಾಳಿಗೆ ಪುಡಿ ಹಾರುತ್ತದೆ. ಗನ್ ಇಲ್ಲದವರು ಬಿಸಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹಾಳೆಯ ಬೆನ್ನನ್ನು ತಾಗಿಸಿ ಕರಗಿಸಬಹುದು. ಈ ಹಂತವನ್ನು ಮಕ್ಕಳ ಕೈಗೆ ಕೊಡಬೇಡಿ.

ನಮೂನೆ: ನಡುವೆ ಒಂದು ಹೂ, ಸುತ್ತ ನಾಲ್ಕು ಕುಡಿ, ಅಂಚಿಗೆ ಚುಕ್ಕಿಗಳ ಒಂದೇ ಸಾಲು. ಅರ್ಧಕ್ಕಿಂತ ಹೆಚ್ಚು ಕಪ್ಪು ಉಳಿಯಬೇಕು. ಪುಡಿ ಇಲ್ಲದೆ ಬರೀ ಬೆಳ್ಳಿ ಪ್ಯಾಡಿನಿಂದಲೂ ಮಾಡಬಹುದು, ಆದರೆ ಒಣಗಲು ಒಂದು ದಿನ ಬಿಡಬೇಕು, ಹೊಳಪೂ ಅಷ್ಟಿಲ್ಲ. ಸೆಟ್ಟಿನ ಬದಲು ಯಾವುದಕ್ಕಾದರೂ ದುಡ್ಡು ಹಾಕುವುದಿದ್ದರೆ ಈ ಪುಡಿಗೆ ಹಾಕಿ.

ಅಂಟಿಸುವುದು, ಕಳಿಸುವುದು, ತೊಳೆಯುವುದು

ಫೆವಿಕಾಲ್ ತೇವಕ್ಕೆ ಹಾಳೆ ಸುಕ್ಕಾಗುತ್ತದೆ. ಡಬಲ್ ಸೈಡ್ ಟೇಪ್ ಅಥವಾ ಗ್ಲೂ ಸ್ಟಿಕ್ ಬಳಸಿ. ಕಾಯಿಸಿದ ತುಂಡು ಸುರುಳಿಯಾಗಿದ್ದರೆ ದಪ್ಪ ಪುಸ್ತಕದ ಕೆಳಗೆ ರಾತ್ರಿಯಿಟ್ಟು ಆಮೇಲೆ ಅಂಟಿಸಿ.

300 ಜಿಎಸ್‌ಎಂ ಕಾರ್ಡು ಸುಮಾರು 9.3 ಗ್ರಾಂ, ಮೇಲಿನ ತುಂಡು 2.6, ಲಕೋಟೆ ನಾಲ್ಕೈದು ಗ್ರಾಂ. ಅಂಚೆಯ ಮೊದಲ 20 ಗ್ರಾಂ ಮಿತಿಯೊಳಗೆ ಬರುತ್ತದೆ. ಅದರ ಮೇಲೆ ಇನ್ನೆರಡು ಪದರ, ಫೋಮ್ ಟೇಪ್ ಸೇರಿಸಿದರೆ ಮಿತಿ ದಾಟುತ್ತದೆ, ಅಂಚೆ ಚೀಟಿ ಅಂಟಿಸುವ ಮೊದಲು ತೂಗಿಸಿ.

ಬಣ್ಣ ಬದಲಿಸುವಾಗಲೆಲ್ಲ ಅಚ್ಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೆಲಸ ಮುಗಿದ ಮೇಲೆ ಸೋಪಿನ ನೀರಲ್ಲಿ ತೊಳೆಯಿರಿ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ತಾಗಿದರೆ ಪಾಲಿಮರ್ ಉಬ್ಬಿ ಅಂಟಂಟಾಗುತ್ತದೆ. ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಮುಚ್ಚಿದ ಡಬ್ಬಿಯಲ್ಲಿಡಿ. ಕಿಟಕಿಯ ಬಿಸಿಲಿಗೆ ಬಿಟ್ಟರೆ ಹಳದಿಯಾಗಿ, ಗಟ್ಟಿಯಾಗಿ, ಕೊನೆಗೆ ಬಿರಿಯುತ್ತದೆ. ಬಟ್ಟೆಹಾಸಿನ ಪ್ಯಾಡನ್ನು ತಲೆಕೆಳಗಾಗಿ ಇಡಿ, ಮಸಿ ಮೇಲ್ಪದರಕ್ಕೆ ಇಳಿದಿರುತ್ತದೆ.